ಗುಬಾದ ಕೆಂಪುಪೇಟೆ: ಯಹೂದಿಗಳಿಗೆ ಭಯವಿಲ್ಲ, ಆದರೂ ಮನೆಗಳಿಗೆ ಬೀಗ

ಬಾಕುವಿಗೆ ಪ್ಯಾಕೇಜ್ ಟೂರ್ ಹೋಗಿ ಬಂದವರು ಈಗ ನಮ್ಮಲ್ಲಿ ಕಮ್ಮಿಯೇನಿಲ್ಲ. ಸಂಸ್ಕೃತ ಶಾಸನವಿರುವ ಬೆಂಕಿಗುಡಿ, ಸದಾ ಉರಿಯುವ ಗುಡ್ಡ, ಕ್ಯಾಸ್ಪಿಯನ್ ದಡದ ಗಾಜಿನ ಗೋಪುರಗಳು, ಒಂದು ದಿನ ಶಾಹ್‌ದಾಗ್‌ನ ಹಿಮ. 2025ರ ಮೇನಲ್ಲಿ ಅಜರ್‌ಬೈಜಾನ್ ಪಾಕಿಸ್ತಾನದ ಪರ ನಿಂತಿತು ಅಂತ ಸಿಟ್ಟಾಗಿ ಬುಕಿಂಗ್ ರದ್ದು ಮಾಡಿಸಿದವರೂ ಬಹಳ ಜನ. ಬಾಕುವಿನಿಂದ ಶಾಹ್‌ದಾಗ್‌ಗೆ ಹೋಗುವವರು ಸಾಮಾನ್ಯವಾಗಿ ಗುಬಾ ಎಂಬ ಊರನ್ನು ದಾಟಿಯೇ ಹೋಗುತ್ತಾರೆ. ಸೇಬಿನ ತೋಟಗಳ ಊರು ಅದು. ಅಲ್ಲಿ ಕುದ್ಯಾಲ್ ಎಂಬ ಹೊಳೆಯ ಆಚೆ ದಡದಲ್ಲಿ ಇನ್ನೊಂದು ಊರಿದೆ. ಟೂರಿಸ್ಟ್ ಬಸ್ಸುಗಳು ಅಲ್ಲಿ ನಿಲ್ಲುವುದು ಅಪರೂಪ.

ಅದರ ಹೆಸರು ಗಿರ್ಮಿಜಿ ಗಸಬಾ. ರಷ್ಯನ್‌ನಲ್ಲಿ ಕ್ರಾಸ್ನಾಯಾ ಸ್ಲೊಬೊಡಾ. ಕೆಂಪುಪೇಟೆ ಅಂದುಕೊಳ್ಳಿ. ಮೊದಲು ಯಹೂದಿಪೇಟೆ ಅಂತಲೇ ಇತ್ತು, ಸೋವಿಯತ್ ಆಡಳಿತ ಬಂದ ಮೇಲೆ ಕೆಂಪಾಯಿತು. ಇಸ್ರೇಲ್, ಅಮೆರಿಕ ಬಿಟ್ಟರೆ ಪೂರ್ತಿ ಯಹೂದಿಗಳೇ ಇರುವ ಊರು ಜಗತ್ತಿನಲ್ಲಿ ಇದೊಂದೇ ಅಂತ ಹೇಳುವುದುಂಟು. ಸುತ್ತಲೂ ಮುಸ್ಲಿಮರು. ದೇಶದ ಬಹುಪಾಲು ಜನ ಷಿಯಾ ಮುಸ್ಲಿಮರು. ದಕ್ಷಿಣಕ್ಕೆ ಇರಾನ್, ಉತ್ತರಕ್ಕೆ ರಷ್ಯಾದ ದಾಗೆಸ್ತಾನ್.

2023ರ ಅಕ್ಟೋಬರ್ 7ರ ನಂತರ ಗಾಜಾ ಯುದ್ಧದ ಬಿಸಿ ಎಲ್ಲೆಲ್ಲಿಗೋ ತಟ್ಟಿತು. ಯುರೋಪಿನ ಎಷ್ಟೋ ನಗರಗಳಲ್ಲಿ ಯಹೂದಿ ಶಾಲೆಗಳ ಮುಂದೆ ಪೊಲೀಸ್ ಕಾವಲು ಹೆಚ್ಚಿತು. ಗುಬಾದಲ್ಲಿ ಅಂಥದ್ದೇನೂ ಸುದ್ದಿಯಾಗಲಿಲ್ಲ. ಇದನ್ನೇ ಹಿಡಿದು ಅಜರ್‌ಬೈಜಾನ್ ಸರ್ಕಾರ ಹೇಳುತ್ತದೆ: ನೋಡಿ, ನಮ್ಮಲ್ಲಿ ಯಹೂದಿ ದ್ವೇಷವೇ ಇಲ್ಲ. ಟೀಕಾಕಾರರು ಹೇಳುತ್ತಾರೆ: ಇದೆಲ್ಲ ತೋರಿಕೆ, ಇಸ್ರೇಲ್ ಮತ್ತು ಅಮೆರಿಕವನ್ನು ಮೆಚ್ಚಿಸುವ ಪ್ರಚಾರ. ಇಬ್ಬರ ಮಾತಿನಲ್ಲೂ ಹುರುಳಿದೆ ಅಂತ ನನಗನ್ನಿಸುತ್ತದೆ. ಸುರಕ್ಷತೆ ನಿಜ. ಅದರ ಮೇಲೊಂದು ಬೆಲೆ ಚೀಟಿ ಅಂಟಿಸಿರುವುದೂ ನಿಜ.

ಗಡಿಯಾಚೆ ಏನಾಯಿತು ಅಂತ ಮೊದಲು ನೋಡಬೇಕು. ಗುಬಾದಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ದೆರ್ಬೆಂತ್ ಇದೆ. ಅದು ರಷ್ಯಾಕ್ಕೆ ಸೇರಿದ ಊರು. ಅಲ್ಲಿರುವುದೂ ಇದೇ ಜನ, ಆಡುವುದೂ ಇದೇ ಭಾಷೆ. ಎಷ್ಟೋ ಮನೆತನಗಳಿಗೆ ಎರಡೂ ಕಡೆ ನೆಂಟಸ್ತಿಕೆ. 2023ರ ಅಕ್ಟೋಬರ್ 29ರಂದು ದಾಗೆಸ್ತಾನದ ರಾಜಧಾನಿ ಮಖಚ್ಕಲಾದಲ್ಲಿ ಜನರ ಗುಂಪು ವಿಮಾನ ನಿಲ್ದಾಣಕ್ಕೇ ನುಗ್ಗಿತು. ಟೆಲ್ ಅವೀವ್‌ನಿಂದ ಬಂದಿಳಿದ ವಿಮಾನದಲ್ಲಿ ಯಹೂದಿಗಳನ್ನು ಹುಡುಕಿತು. 2024ರ ಜೂನ್ 23ರಂದು ಬಂದೂಕುಧಾರಿಗಳು ದೆರ್ಬೆಂತ್‌ನ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಬೆಂಕಿ ಹಚ್ಚಿದರು. ಅದೇ ದಿನ ಚರ್ಚಿನ ಮೇಲೂ ದಾಳಿಯಾಯಿತು. ಆ ದಿನ ದೆರ್ಬೆಂತ್, ಮಖಚ್ಕಲಾ ಎರಡೂ ಊರುಗಳಲ್ಲಿ ಸೇರಿ ಇಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಪೊಲೀಸರು.

ಒಂದೇ ಸಮುದಾಯ, ಒಂದೇ ಬೆಟ್ಟಸಾಲು, ಎರಡೂ ಕಡೆ ಮುಸ್ಲಿಂ ನೆರೆಹೊರೆ. ಆದರೆ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೆಮ್ಮದಿ. ಹಾಗಾಗಿ ಧರ್ಮದ ಹೆಸರು ಹೇಳಿ ಈ ವ್ಯತ್ಯಾಸವನ್ನು ವಿವರಿಸಲಾಗದು. ಒಂದು ಉತ್ತರ ಚರಿತ್ರೆಯಲ್ಲಿದೆ. ಇನ್ನೊಂದು ಬಾಕುವಿನ ವಿದೇಶಾಂಗ ನೀತಿಯಲ್ಲಿದೆ.

ಇವರನ್ನು ಬೆಟ್ಟದ ಯಹೂದಿಗಳು ಅನ್ನುತ್ತಾರೆ. ಪೋಲೆಂಡ್, ಉಕ್ರೇನ್ ಕಡೆಯ ಅಶ್ಕೆನಾಜಿ ಯಹೂದಿಗಳಿಗೂ ಇವರಿಗೂ ಭಾಷೆ, ಉಡುಪು, ಊಟ ಯಾವುದರಲ್ಲೂ ಹೋಲಿಕೆಯಿಲ್ಲ. ಬಹಳ ಹಿಂದೆ ಪರ್ಷಿಯಾದಿಂದ ಕಾಕಸಸ್ ಬೆಟ್ಟಗಳಿಗೆ ಬಂದು ನೆಲೆಸಿದವರು. ಆಡುವ ಭಾಷೆ ಜುಹೂರಿ. ಅದು ಪರ್ಷಿಯನ್ ಕುಲದ್ದು, ಹೀಬ್ರೂ ಶಬ್ದಗಳು ಬೆರೆತದ್ದು. ಅದನ್ನು ಮೊದಲು ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದರು. 1920ರ ದಶಕದ ಕೊನೆಗೆ ಲ್ಯಾಟಿನ್ ಲಿಪಿ ಬಂತು. 1938ರಲ್ಲಿ ಸಿರಿಲಿಕ್ ಬಂತು. ಹತ್ತು ವರ್ಷದೊಳಗೆ ಎರಡು ಸಲ ಲಿಪಿ ಬದಲು! ಅಜ್ಜ ಬರೆದದ್ದನ್ನು ಮೊಮ್ಮಗ ಓದಲಾರ. ಇವತ್ತು ಯುನೆಸ್ಕೊದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಜುಹೂರಿಯೂ ಇದೆ.

18ನೇ ಶತಮಾನದಲ್ಲಿ ನಾದಿರ್ ಶಾ ಈ ಬೆಟ್ಟಗಳ ಮೇಲೆ ದಂಡೆತ್ತಿ ಬಂದ. ದಿಲ್ಲಿಯನ್ನು ಲೂಟಿ ಮಾಡಿ ಮಯೂರ ಸಿಂಹಾಸನ ಹೊತ್ತೊಯ್ದ ಅದೇ ನಾದಿರ್ ಶಾ. ಯಹೂದಿಗಳ ಹಳ್ಳಿಗಳು ಹಾಳಾದವು. ಅಲ್ಲಿಂದ ಚದುರಿದವರಿಗೆ ಗುಬಾದ ದೊರೆ ಫತಲಿ ಖಾನ್ ಹೊಳೆಯಾಚೆ ಜಾಗ ಕೊಟ್ಟು ರಕ್ಷಣೆ ಕೊಟ್ಟ ಅಂತ ಊರಿನವರು ಇವತ್ತಿಗೂ ನೆನೆಯುತ್ತಾರೆ. ಯಾವ ಹಳ್ಳಿಯಿಂದ ಬಂದರೋ ಆ ಹೆಸರಿನ ಕೇರಿ. ಇರಾನಿನ ಗಿಲಾನ್‌ನಿಂದ ಬಂದವರದು ಗಿಲಾಕಿ ಕೇರಿ. ಕೇರಿಗೊಂದು ಸಿನಗಾಗ್, ಕೆಲವು ಕಡೆ ಎರಡು. ಒಂದು ಕಾಲಕ್ಕೆ ಒಟ್ಟು ಹದಿಮೂರು ಇದ್ದವಂತೆ. ಇವರು ಬಣ್ಣಕ್ಕೆ ಬೇಕಾದ ಮಂಜಿಷ್ಠ ಬೆಳೆದರು, ಚರ್ಮ ಹದಮಾಡಿದರು, ರತ್ನಗಂಬಳಿ ಮಾರಿದರು. ನೆರೆಯ ಮುಸ್ಲಿಮರ ಜೊತೆ ಕೊಡುಕೊಳ್ಳುವ ವ್ಯವಹಾರ ಎರಡು ನೂರು ವರ್ಷ ಹೀಗೇ ನಡೆಯಿತು. ಇದು ಯಾವ ಅಧ್ಯಕ್ಷರೂ ಆದೇಶ ಹೊರಡಿಸಿ ತಂದ ಸಹಬಾಳ್ವೆಯಲ್ಲ ಅನ್ನುವುದನ್ನು ಮರೆಯಬಾರದು. ಈಗಿನ ಸರ್ಕಾರಕ್ಕೆ ಅದು ಹಿರಿಯರ ಆಸ್ತಿಯಂತೆ ಕೈಗೆ ಬಂದದ್ದು.

ಎರಡನೇ ಮಹಾಯುದ್ಧದಲ್ಲೂ ಇವರ ನಸೀಬು ಗಟ್ಟಿಯಿತ್ತು. ಹಿಟ್ಲರನ ಸೈನ್ಯ ಬಾಕುವಿನ ಎಣ್ಣೆಗಾಗಿಯೇ ಕಾಕಸಸ್‌ಗೆ ಇಳಿದಿತ್ತು. ಆದರೆ ಅಜರ್‌ಬೈಜಾನ್ ಮುಟ್ಟುವ ಮೊದಲೇ ಹಿಂದೆ ಸರಿಯಬೇಕಾಯಿತು. ಉತ್ತರ ಕಾಕಸಸ್‌ನ ಬೆಟ್ಟದ ಯಹೂದಿಗಳಿಗೆ ಆ ಅದೃಷ್ಟ ಇರಲಿಲ್ಲ. 1942ರಲ್ಲಿ ಬೊಗ್ದಾನೊವ್ಕಾ ಎಂಬ ಸಾಮೂಹಿಕ ಕೃಷಿ ಊರಿನಲ್ಲಿ ಅವರನ್ನು ಹತ್ಯೆ ಮಾಡಿದರು. ನಾಲ್ಚಿಕ್ ಎಂಬಲ್ಲಿ ಮಾತ್ರ ಬೇರೆಯೇ ನಡೆಯಿತು. ಇವರು ಯಹೂದಿಗಳಲ್ಲ, ಯಹೂದಿ ಧರ್ಮ ಪಾಲಿಸುವ ತಾತ್ ಎಂಬ ಬುಡಕಟ್ಟು ಅಂತ ಅಲ್ಲಿನ ಹಿರಿಯರು ವಾದಿಸಿದರು. ಜರ್ಮನ್ ಅಧಿಕಾರಿಗಳು ತೀರ್ಮಾನ ಮುಂದೂಡುತ್ತಾ ಹೋದರು. ಅಷ್ಟರಲ್ಲಿ ಸೋವಿಯತ್ ಪಡೆ ಬಂತು, ಜನ ಉಳಿದರು. ಯುದ್ಧ ಮುಗಿದ ಮೇಲೂ ಎಷ್ಟೋ ಜನ ಸೋವಿಯತ್ ಪಾಸ್‌ಪೋರ್ಟಿನ ಜನಾಂಗದ ಕಾಲಂನಲ್ಲಿ ತಾತ್ ಅಂತಲೇ ಬರೆಸಿಕೊಂಡರು. ಯಹೂದಿ ಅಂತಿದ್ದರೆ ಕಾಲೇಜು ಸೀಟಿನಿಂದ ಹಿಡಿದು ಕೆಲಸದವರೆಗೆ ಎಲ್ಲದಕ್ಕೂ ಅಡ್ಡಿ. ಹಾಗಾಗಿ ಹಳೆಯ ಜನಗಣತಿಗಳಲ್ಲಿ ಇವರ ನಿಜವಾದ ಲೆಕ್ಕ ಸಿಗುವುದೂ ಕಷ್ಟ.

ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಏನಾಯಿತು ಅನ್ನುವುದಕ್ಕೆ ನಮಗೆಲ್ಲ ಗೊತ್ತಿರುವ ಒಬ್ಬನ ಕತೆ ಸಾಕು. ಚೆಸ್ ಚಾಂಪಿಯನ್ ಗ್ಯಾರಿ ಕಾಸ್ಪರೊವ್ ಹುಟ್ಟಿದ್ದು 1963ರಲ್ಲಿ, ಬಾಕುವಿನಲ್ಲಿ. ತಂದೆ ಯಹೂದಿ, ತಾಯಿ ಆರ್ಮೇನಿಯನ್. 1990ರ ಜನವರಿಯಲ್ಲಿ ಬಾಕುವಿನಲ್ಲಿ ಆರ್ಮೇನಿಯನ್ನರ ಮನೆಗಳಿಗೆ ನುಗ್ಗಿ ಹೊಡೆಯುವುದು, ಕೊಲ್ಲುವುದು ಶುರುವಾಯಿತು. ಆಗ ಆತ ವಿಶ್ವ ಚಾಂಪಿಯನ್. ಬಾಡಿಗೆ ವಿಮಾನದಲ್ಲಿ ಮನೆಯವರನ್ನೂ ಗೆಳೆಯರನ್ನೂ ಕರೆದುಕೊಂಡು ಊರು ಬಿಟ್ಟ. ಊರು ಬಿಡುವಂತೆ ಮಾಡಿದ್ದು ತಂದೆಯ ಕಡೆಯ ರಕ್ತವಲ್ಲ, ತಾಯಿಯ ಕಡೆಯದು. ಅದೇ ಬಾಕು, ಅದೇ ವಾರ. ಯಹೂದಿಯನ್ನು ಯಾರೂ ಹುಡುಕಿಕೊಂಡು ಬರಲಿಲ್ಲ, ಆರ್ಮೇನಿಯನ್ನರನ್ನು ಹುಡುಕಿ ಹುಡುಕಿ ಓಡಿಸಿದರು. ‘ಎಲ್ಲರನ್ನೂ ಸಹಿಸುವ ನಾಡು’ ಅಂತ ಬಾಕು ಹೇಳಿಕೊಳ್ಳುವಾಗೆಲ್ಲ ಈ ಒಂದು ಕುಟುಂಬವನ್ನು ನೆನಪಿಸಿಕೊಂಡರೆ ಒಳ್ಳೆಯದು.

ಆಮೇಲೆ ಯಹೂದಿಗಳೂ ಹೋದರು, ಆದರೆ ಬೇರೆ ಕಾರಣಕ್ಕೆ. ಕರಾಬಾಖ್ ಎಂಬ ಬೆಟ್ಟನಾಡಿಗಾಗಿ ಆರ್ಮೇನಿಯನ್ನರ ಜೊತೆ ಯುದ್ಧ, ಸಂಬಳವಿಲ್ಲ, ಕರೆಂಟಿಲ್ಲ, ಸರ್ಕಾರಗಳು ಉರುಳುತ್ತಿದ್ದವು. ಇಸ್ರೇಲ್ ಬಾಗಿಲು ತೆರೆದಿತ್ತು. ಬಾಕುವಿನ ಅಶ್ಕೆನಾಜಿ ಎಂಜಿನಿಯರ್‌ಗಳು, ಡಾಕ್ಟರ್‌ಗಳು, ಪಿಯಾನೋ ಮೇಷ್ಟರುಗಳು ಗಂಟುಮೂಟೆ ಕಟ್ಟಿದರು. 1989ರ ಜನಗಣತಿಯಲ್ಲಿ ಯಹೂದಿಗಳು 30 ಸಾವಿರಕ್ಕೂ ಜಾಸ್ತಿ ಇದ್ದರು. 1999ರಲ್ಲಿ 8,900. 2009ರಲ್ಲಿ 9,100. ಸಮುದಾಯದ ಮುಖಂಡರು ಹೇಳುವ ಲೆಕ್ಕ ಇದಕ್ಕಿಂತ ಯಾವಾಗಲೂ ದೊಡ್ಡದು.

ಉಳಿದವರಿಗೆ ಒಬ್ಬ ಹೀರೋ ಸಿಕ್ಕ. ಆಲ್ಬರ್ಟ್ ಅಗಾರುನೊವ್, ಬಾಕುವಿನ ಬೆಟ್ಟದ ಯಹೂದಿ ಹುಡುಗ, ಟ್ಯಾಂಕ್ ಕಮಾಂಡರ್. 1992ರ ಮೇನಲ್ಲಿ ಕರಾಬಾಖ್‌ನ ಶೂಶಾ ಊರಿಗಾಗಿ ನಡೆದ ಕಾಳಗದಲ್ಲಿ ಸತ್ತ. ವಯಸ್ಸು 23. ಅವನನ್ನು ‘ರಾಷ್ಟ್ರವೀರ’ ಎಂದು ಸಾರಿದರು. 2019ರಲ್ಲಿ ಬಾಕುವಿನಲ್ಲಿ ಪ್ರತಿಮೆ ನಿಲ್ಲಿಸಿದರು. ಅಜರ್‌ಬೈಜಾನಿನ ಶಾಲಾ ಮಕ್ಕಳಿಗೂ ಅವನ ಹೆಸರು ಗೊತ್ತು. ದೇಶಕ್ಕಾಗಿ ಸತ್ತ ಯಹೂದಿ ಅನ್ನುವುದು ಅಲ್ಲಿ ಬಲವಾದ ಕತೆ. ಆ ಕತೆ ಸುಳ್ಳಲ್ಲ. ಆದರೆ ಅದನ್ನು ಎಷ್ಟು ಸಲ, ಯಾರ ಮುಂದೆ ಹೇಳುತ್ತಾರೆ ಅನ್ನುವುದನ್ನು ಗಮನಿಸಬೇಕು.

ಇಲ್ಲಿಂದ ಮುಂದೆ ಎಣ್ಣೆ, ಆಯುಧದ ವಿಷಯ. ಇಸ್ರೇಲ್ 1993ರಲ್ಲೇ ಬಾಕುವಿನಲ್ಲಿ ರಾಯಭಾರ ಕಚೇರಿ ತೆರೆಯಿತು. ಅಜರ್‌ಬೈಜಾನ್ ಮಾತ್ರ ಮುಸ್ಲಿಂ ದೇಶಗಳ ಮುನಿಸಿಗೆ ಅಂಜಿ ಮೂವತ್ತು ವರ್ಷ ಕಾದು, 2023ರ ಮಾರ್ಚ್‌ನಲ್ಲಿ ಟೆಲ್ ಅವೀವ್‌ನಲ್ಲಿ ತೆರೆಯಿತು. ಕಚೇರಿ ಇಲ್ಲದಿದ್ದರೂ ವ್ಯವಹಾರಕ್ಕೆ ಅಡ್ಡಿಯೇನೂ ಆಗಿರಲಿಲ್ಲ. ಬಾಕುವಿನ ಕಚ್ಚಾ ತೈಲ 1,768 ಕಿಲೋಮೀಟರ್ ಕೊಳವೆಯಲ್ಲಿ ಜಾರ್ಜಿಯಾ ದಾಟಿ ಟರ್ಕಿಯ ಜೈಹಾನ್ ಬಂದರಿಗೆ ಬರುತ್ತದೆ. ಅಲ್ಲಿಂದ ಹಡಗಿನಲ್ಲಿ ಇಸ್ರೇಲಿಗೆ. ಇಸ್ರೇಲಿನ ಆಮದಿನಲ್ಲಿ ಇದರ ಪಾಲು ಶೇ 40ರಷ್ಟು ಅನ್ನುವ ಅಂದಾಜು ಪದೇ ಪದೇ ಕೇಳಿಬರುತ್ತದೆ. ವಾಪಸ್ ಬರುವುದು ಆಯುಧ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2016ರಿಂದ 2020ರವರೆಗೆ ಅಜರ್‌ಬೈಜಾನ್ ತರಿಸಿಕೊಂಡ ದೊಡ್ಡ ಆಯುಧಗಳಲ್ಲಿ ಶೇ 69 ಇಸ್ರೇಲಿನದು. 2020ರ 44 ದಿನಗಳ ಕರಾಬಾಖ್ ಯುದ್ಧದಲ್ಲಿ ಹಾರೋಪ್ ಡ್ರೋನ್‌ಗಳು ಏನು ಮಾಡಿದವು ಅಂತ ಆರ್ಮೇನಿಯಾಕ್ಕೆ ಚೆನ್ನಾಗಿ ಗೊತ್ತು. 2023ರ ಸೆಪ್ಟೆಂಬರ್‌ನಲ್ಲಿ ಕರಾಬಾಖ್ ಪೂರ್ತಿ ಬಾಕುವಿನ ಕೈಗೆ ಬಂತು. ಒಂದು ಲಕ್ಷಕ್ಕೂ ಜಾಸ್ತಿ ಆರ್ಮೇನಿಯನ್ನರು ಮನೆ ಬಿಟ್ಟು ಹೋದರು. ಇಸ್ರೇಲ್ ಜೊತೆಗಿನ ಸಂಬಂಧ ನೀರಿನ ಮೇಲೆ ಸ್ವಲ್ಪವೇ ಕಾಣುವ ಹಿಮಗಡ್ಡೆ ಇದ್ದ ಹಾಗೆ, ಹತ್ತರಲ್ಲಿ ಒಂಬತ್ತು ಪಾಲು ಕೆಳಗೇ ಇದೆ ಅಂತ ಅಧ್ಯಕ್ಷ ಇಲ್ಹಾಮ್ ಅಲಿಯೇವ್ ಹೇಳಿದ್ದು 2009ರ ಅಮೆರಿಕನ್ ರಾಯಭಾರಿ ವರದಿಯಲ್ಲಿ ಇತ್ತು. ವಿಕಿಲೀಕ್ಸ್ ಅದನ್ನು ಹೊರಗೆ ಹಾಕಿತು.

ಗಾಜಾ ವಿಷಯದಲ್ಲಿ ವಿಶ್ವಸಂಸ್ಥೆಯಲ್ಲಿ ಅಜರ್‌ಬೈಜಾನ್ ಪ್ಯಾಲೆಸ್ಟೈನ್ ಪರ ಮತ ಹಾಕುತ್ತದೆ. ಟರ್ಕಿಯ ಎರ್ದೊಗಾನ್ 2024ರ ಮೇನಲ್ಲಿ ಇಸ್ರೇಲ್ ಜೊತೆ ವ್ಯಾಪಾರ ನಿಲ್ಲಿಸಿದರು. ಎಣ್ಣೆ ಮಾತ್ರ ಅವರ ಬಂದರಿನಿಂದಲೇ ಹೋಗುತ್ತಿದೆ ಅಂತ ಇಸ್ತಾಂಬುಲ್‌ನಲ್ಲಿ ಯುವಕರು ಅಜರ್‌ಬೈಜಾನ್ ತೈಲ ಕಂಪನಿಯ ಕಚೇರಿ ಮುಂದೆ ಗಲಾಟೆ ಮಾಡಿದರು. ರಾಜಕಾರಣ ಅಂದರೆ ಹೀಗೇ, ಅಲ್ವಾ?

ಈ ಲೆಕ್ಕಾಚಾರದ ನಡುವೆ ಕೆಲವೇ ಸಾವಿರ ಯಹೂದಿಗಳು ನಿಂತಿದ್ದಾರೆ. ಬಾಕುವಿನಲ್ಲಿ ಬೆಟ್ಟದ ಯಹೂದಿಗಳಿಗೆ 2011ರಲ್ಲಿ ಸರ್ಕಾರವೇ ಹೊಸ ಸಿನಗಾಗ್ ಕಟ್ಟಿಸಿಕೊಟ್ಟಿತು. 2014ರಲ್ಲಿ ಬಹುಸಂಸ್ಕೃತಿ ಕೇಂದ್ರ ಶುರುವಾಯಿತು. 2016ನ್ನು ಬಹುಸಂಸ್ಕೃತಿಯ ವರ್ಷ ಅಂತ ಘೋಷಿಸಿದರು. 2020ರಲ್ಲಿ ಕೆಂಪುಪೇಟೆಯ ಹಳೆಯ ಸಿನಗಾಗ್ ಕಟ್ಟಡದಲ್ಲಿ ಬೆಟ್ಟದ ಯಹೂದಿಗಳ ಮ್ಯೂಸಿಯಂ ಬಂತು. ವಿದೇಶಿ ನಿಯೋಗಗಳನ್ನು ಕರೆತಂದು ಇದನ್ನೆಲ್ಲ ತೋರಿಸುತ್ತಾರೆ. ಆರ್ಮೇನಿಯಾ ಜೊತೆ ಜಗಳ ಬಂದಾಗೆಲ್ಲ ಸಮುದಾಯದ ಮುಖಂಡರು ಸರ್ಕಾರದ ಪರ ಹೇಳಿಕೆ ಕೊಡುತ್ತಾರೆ. ಅವರು ಮನಸ್ಸಿನಿಂದಲೇ ಹೇಳುತ್ತಿರಬಹುದು. ಯುದ್ಧದಲ್ಲಿ ಅವರ ಮಕ್ಕಳೂ ಹೋಗಿದ್ದಾರೆ. ಆದರೆ ಬೇರೆ ಮಾತು ಹೇಳಬೇಕು ಅನ್ನಿಸಿದರೆ ಹೇಳುವ ಜಾಗ ಆ ದೇಶದಲ್ಲಿ ಇದೆಯೇ? 2023ರ ನವೆಂಬರ್‌ನಿಂದ ಅಬ್ಜಾಸ್ ಮೀಡಿಯಾದ ಪತ್ರಕರ್ತರನ್ನು ಒಬ್ಬೊಬ್ಬರಾಗಿ ಜೈಲಿಗೆ ಹಾಕಿದ ದೇಶ ಅದು.

ಹೋಲಿಸಿ ನೋಡಲು ತಾಲಿಶ್ ಜನ ಇದ್ದಾರೆ. ಅವರು ದೇಶದ ದಕ್ಷಿಣದಲ್ಲಿ, ಇರಾನ್ ಗಡಿಯ ಪಕ್ಕದಲ್ಲಿದ್ದಾರೆ. ಅವರದ್ದೂ ಜುಹೂರಿಯ ಹಾಗೆ ಇರಾನಿ ಕುಲದ ಭಾಷೆ. ಸಂಖ್ಯೆಯಲ್ಲಿ ಯಹೂದಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ತಾಲಿಶ್ ಭಾಷೆಯ ಪತ್ರಿಕೆ ನಡೆಸುತ್ತಿದ್ದ ನೊವ್ರುಜಲಿ ಮಾಮೆದೊವ್ ದೇಶದ್ರೋಹದ ಆರೋಪದಲ್ಲಿ 2008ರಲ್ಲಿ ಹತ್ತು ವರ್ಷ ಶಿಕ್ಷೆಗೆ ಗುರಿಯಾದರು. 2009ರಲ್ಲಿ ಸೆರೆಯಲ್ಲೇ ಸತ್ತರು. ತಾಲಿಶ್ ಚರಿತ್ರೆ, ಜನಪದದ ಸಂಶೋಧಕ ಇಗ್ಬಾಲ್ ಅಬಿಲೊವ್ ಅವರಿಗೆ 2025ರಲ್ಲಿ ಅದೇ ದೇಶದ್ರೋಹದ ಆರೋಪದಲ್ಲಿ 18 ವರ್ಷ ಶಿಕ್ಷೆ. ಒಬ್ಬರ ಭಾಷೆಗೆ ಮ್ಯೂಸಿಯಂ, ಇನ್ನೊಬ್ಬರ ಭಾಷೆಗೆ ಜೈಲು. ಯಾಕೆ? ತಾಲಿಶ್ ಜನರ ಹಿಂದೆ ಇರಾನ್ ಇರಬಹುದು ಅನ್ನುವ ಗುಮಾನಿ. ಯಹೂದಿಗಳ ಹಿಂದೆ ಇರುವುದು ಇಸ್ರೇಲ್, ಅದು ಬೇಕಾದ ಗೆಳೆಯ. ಅಲ್ಪಸಂಖ್ಯಾತರಿಗೆ ಸಿಗುವ ಮರ್ಯಾದೆ ಅವರ ಬೆನ್ನ ಹಿಂದಿನ ದೇಶ ಯಾವುದು ಅನ್ನುವುದರ ಮೇಲೆ ನಿಂತರೆ, ಅದನ್ನು ಹಕ್ಕು ಅನ್ನಲು ನನಗೆ ಮನಸ್ಸಾಗುವುದಿಲ್ಲ.

ಈ ಗೆಳೆತನವೇ ಅಪಾಯವನ್ನೂ ತರುತ್ತದೆ. 2012ರ ಜನವರಿಯಲ್ಲಿ ಬಾಕುವಿನ ಯಹೂದಿ ಶಾಲೆಯವರ ಮೇಲೆ ದಾಳಿಗೆ ಸಂಚು ಮಾಡಿದ್ದಾರೆ ಅಂತ ಕೆಲವರನ್ನು ಹಿಡಿದರು. ಸೂತ್ರ ಇರಾನ್ ಕೈಯಲ್ಲಿತ್ತು ಅಂತ ಸರ್ಕಾರ ಹೇಳಿತು. 2025ರ ಜೂನ್‌ನಲ್ಲಿ ಇಸ್ರೇಲ್-ಇರಾನ್ ನಡುವೆ 12 ದಿನ ಯುದ್ಧವಾದಾಗ ಅಜರ್‌ಬೈಜಾನ್ ನೆಲದಿಂದ ಡ್ರೋನ್ ಬಂದವು ಅನ್ನುವ ಆರೋಪ ಇರಾನಿನಲ್ಲಿ ಎದ್ದಿತು. ಬಾಕು ಅದನ್ನು ತಳ್ಳಿಹಾಕಿತು. ದೊಡ್ಡವರ ಜಗಳ ಜೋರಾದರೆ ಮೊದಲು ಕಣ್ಣು ಬೀಳುವುದು ಊರಿನ ಸಿನಗಾಗ್ ಮೇಲೆ. ನೆರೆಯವರು ಎಷ್ಟೇ ಒಳ್ಳೆಯವರಿದ್ದರೂ ಹೊರಗಿನಿಂದ ಬರುವ ಹಂತಕನನ್ನು ಅವರು ತಡೆಯಲಾರರು.

ಇಷ್ಟಾದರೂ ಕೆಂಪುಪೇಟೆಯನ್ನು ಖಾಲಿ ಮಾಡುತ್ತಿರುವುದು ಭಯವಲ್ಲ, ದುಡ್ಡು. 1990ರ ದಶಕದಲ್ಲಿ ಊರಿನ ಗಂಡಸರು ಮಾಸ್ಕೋಗೆ ಹೋಗಿ ಮಾರುಕಟ್ಟೆಗಳಲ್ಲಿ ಬಟ್ಟೆ, ಚಪ್ಪಲಿ ಮಾರಿದರು. ಕೆಲವರು ಆ ಮಾರುಕಟ್ಟೆಗಳನ್ನೇ ಕೊಂಡರು. ಮಾಸ್ಕೋದ ದೊಡ್ಡ ರಿಯಲ್ ಎಸ್ಟೇಟ್ ಕುಳಗಳಾದ ಗೋದ್ ನಿಸಾನೊವ್, ಜರಾಖ್ ಇಲಿಯೇವ್ ಇಬ್ಬರೂ ಈ ಊರಿನವರೇ. ಆ ದುಡ್ಡು ಊರಿಗೆ ಬಂತು. ಸಿನಗಾಗ್ ದುರಸ್ತಿಯಾಯಿತು, ರಸ್ತೆಯಾಯಿತು, ಒಂದಕ್ಕಿಂತ ಒಂದು ದೊಡ್ಡ ಬಂಗಲೆಗಳು ಎದ್ದವು. ಕೆತ್ತಿದ ತಗಡಿನ ಚಾವಣಿ, ಗೇಟಿನ ಮೇಲೆ ಆರು ಮೂಲೆಯ ನಕ್ಷತ್ರ, ಒಳಗೆ ಯಾರೂ ಇಲ್ಲ. ಚಳಿಗಾಲದಲ್ಲಿ ಹೋದರೆ ಟೀ ಅಂಗಡಿಯಲ್ಲಿ ನರ್ದಿ ಎಂಬ ದಾಳದಾಟ ಆಡುವ ನಾಲ್ಕು ಮುದುಕರು ಸಿಗುತ್ತಾರೆ, ಅಷ್ಟೇ. ಕಾಗದದ ಮೇಲೆ ಊರಿನ ಜನಸಂಖ್ಯೆ ಮೂರು-ನಾಲ್ಕು ಸಾವಿರ.

ಬೇಸಿಗೆಯಲ್ಲಿ ಚಿತ್ರವೇ ಬೇರೆ. ಜೆರೂಸಲೇಮಿನ ದೇವಾಲಯ ನಾಶವಾದ ದಿನದ ಶೋಕಾಚರಣೆ ಜುಲೈ ಅಥವಾ ಆಗಸ್ಟ್‌ನಲ್ಲಿ ಬರುತ್ತದೆ. ಆ ದಿನ ಹಿರಿಯರ ಸಮಾಧಿಗೆ ಹೋಗುವುದು ಇವರ ಪದ್ಧತಿ. ಮಾಸ್ಕೋ, ಇಸ್ರೇಲ್, ನ್ಯೂಯಾರ್ಕ್‌ನಿಂದ ಕುಟುಂಬಗಳು ಬರುತ್ತವೆ. ಗುಡ್ಡದ ಮೇಲಿನ ಸ್ಮಶಾನದಲ್ಲಿ ಕಪ್ಪು ಗ್ರಾನೈಟ್ ಕಲ್ಲುಗಳ ಮೇಲೆ ಸತ್ತವರ ಆಳೆತ್ತರದ ಚಿತ್ರ ಕೆತ್ತಿಸಿರುತ್ತಾರೆ. ಹೆಂಗಸರು ಕಲ್ಲು ಮುಟ್ಟಿ ಅಳುತ್ತಾರೆ. ಸಿನಗಾಗ್ ಹೊಸಿಲಿನಲ್ಲಿ ಚಪ್ಪಲಿ ಬಿಟ್ಟು, ರತ್ನಗಂಬಳಿ ಹಾಸಿದ ನೆಲದ ಮೇಲೆ ನಡೆದು ಒಳಗೆ ಹೋಗುತ್ತಾರೆ. ಬೇರೆ ದೇಶಗಳ ಯಹೂದಿಗಳಿಗೆ ಇದು ಸೋಜಿಗ. ಅಕ್ಕಪಕ್ಕದ ಮಸೀದಿಗಳ ರೂಢಿ ಇಲ್ಲಿಗೂ ಬಂದಿರಬೇಕು. ಹಬ್ಬ ಮುಗಿಯಿತು, ಮದುವೆಗಳಿದ್ದರೆ ಅವೂ ಮುಗಿದವು, ಮತ್ತೆ ಬೀಗ.

ನಮಗೆ ಇದು ತೀರಾ ಅಪರಿಚಿತವೇನಲ್ಲ. ಕೊಚ್ಚಿಯ ಯಹೂದಿಗಳನ್ನೂ ಯಾರೂ ಓಡಿಸಲಿಲ್ಲ. 1948ರ ನಂತರ ಅವರಾಗಿ ಇಸ್ರೇಲಿಗೆ ಹೋದರು. ಈಗ ಮಟ್ಟಂಚೇರಿಯ 1568ರ ಪರದೇಸಿ ಸಿನಗಾಗ್ ನೋಡಲು ಟಿಕೆಟ್ ತೆಗೆದುಕೊಂಡು ಹೋಗುವವರು ನಮ್ಮಂಥ ಪ್ರವಾಸಿಗರೇ. ದ್ವೇಷವಿಲ್ಲದ ನಾಡಿನಲ್ಲೂ ಸಮುದಾಯ ಕರಗಬಹುದು. ಅಜರ್‌ಬೈಜಾನ್‌ಗೂ ಕೇರಳಕ್ಕೂ ಒಂದು ಫರಕಿದೆ. ಬಾಕುವಿಗೆ ಈ ಸಮುದಾಯ ‘ಇದೆ’ ಅಂತ ತೋರಿಸುವ ಗರಜು ದೊಡ್ಡದು. ಹಾಗಾಗಿ ಕಟ್ಟಡಗಳಿಗೆ ದುಡ್ಡು ಸಿಗುತ್ತದೆ. ಜುಹೂರಿ ಕಲಿಸುವ ಮೇಷ್ಟರು, ಹುಡುಗರಿಗೆ ಊರಲ್ಲೇ ಕೆಲಸ, ಇವುಗಳ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲ.

ಮಾಸ್ಕೋದ ದುಡ್ಡೂ ಮೊದಲಿನ ಹಾಗೆ ಗಟ್ಟಿಯಲ್ಲ. ಉಕ್ರೇನ್ ಯುದ್ಧದ ನಂತರ, 2022ರಲ್ಲಿ, ನಿಸಾನೊವ್ ಐರೋಪ್ಯ ಒಕ್ಕೂಟದ ನಿರ್ಬಂಧ ಪಟ್ಟಿ ಸೇರಿದರು. 2024ರ ಡಿಸೆಂಬರ್ 25ರಂದು ಅಜರ್‌ಬೈಜಾನಿನ ಪ್ರಯಾಣಿಕ ವಿಮಾನ ರಷ್ಯಾದ ಆಕಾಶದಲ್ಲಿ ಪೆಟ್ಟು ತಿಂದು ಕಜಕಸ್ತಾನದಲ್ಲಿ ಬಿತ್ತು, 38 ಜನ ಸತ್ತರು. ಅಲ್ಲಿಂದ ಬಾಕು-ಮಾಸ್ಕೋ ಸಂಬಂಧ ಹಳಸಿತು. 2025ರ ಜೂನ್‌ನಲ್ಲಿ ರಷ್ಯಾದ ಯೆಕತೆರಿನ್‌ಬುರ್ಗ್‌ನಲ್ಲಿ ಪೊಲೀಸರು ಅಜರ್‌ಬೈಜಾನ್ ಮೂಲದವರನ್ನು ಹಿಡಿದಾಗ ಇಬ್ಬರು ಸತ್ತರು. ಜಗಳ ಬೀದಿಗೆ ಬಂತು. ಎರಡೂ ಕಡೆ ಕಾಲಿಟ್ಟು ಬದುಕುವ ಕೆಂಪುಪೇಟೆಯವರಿಗೆ ಈ ಮನಸ್ತಾಪ ಗಾಜಾ ಯುದ್ಧಕ್ಕಿಂತ ಹತ್ತಿರದ ತಲೆನೋವು.

ಗಡಿಯದು ಇನ್ನೊಂದು ಗೋಳು. 2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಅಜರ್‌ಬೈಜಾನ್ ತನ್ನ ಭೂಗಡಿಗಳನ್ನು ಪ್ರಯಾಣಿಕರಿಗೆ ಮುಚ್ಚಿತು. ಕೋವಿಡ್ ಹೋಯಿತು, ಗಡಿ ತೆರೆಯಲಿಲ್ಲ. ಕೆಲವು ತಿಂಗಳಿಗೊಮ್ಮೆ ಮುಂದೂಡುತ್ತಾ 2025ಕ್ಕೂ ತಂದರು. ಭದ್ರತೆಗೆ ಇದೇ ಸರಿ ಅಂತ ಅಲಿಯೇವ್ ಹೇಳುತ್ತಾ ಬಂದರು. ಸರಕಿನ ಲಾರಿ ಹೋಗಬಹುದು, ಜನ ಹೋಗುವಂತಿಲ್ಲ. ಇದರಿಂದ ತೊಂದರೆ ಯಹೂದಿಗಳಿಗೆ ಮಾತ್ರವಲ್ಲ. ಗಡಿಯ ಎರಡೂ ಕಡೆ ಇರುವ ಲೆಜ್ಗಿ ಜನರಿಗೆ ಇನ್ನೂ ಜಾಸ್ತಿ. ಗುಬಾದಲ್ಲಿ ಅಜ್ಜಿಯ ಸಮಾಧಿ ಇರುವ ದೆರ್ಬೆಂತ್‌ನ ಯಹೂದಿ ನೂರು ಕಿಲೋಮೀಟರ್ ದೂರ ಬರಲು ಮೊದಲು ಮಾಸ್ಕೋಗೋ ಇನ್ನೆಲ್ಲಿಗೋ ಹೋಗಿ, ಅಲ್ಲಿಂದ ಬಾಕುವಿಗೆ ವಿಮಾನ ಹತ್ತಬೇಕು. ಸಿನಗಾಗ್‌ಗೆ ಬೆಂಕಿ ಬಿದ್ದ ರಾತ್ರಿ ಕಾರು ಹತ್ತಿ ಗುಬಾದ ನೆಂಟರ ಮನೆಗೆ ಬರೋಣ ಅಂದುಕೊಂಡಿದ್ದರೂ ದಾರಿ ಇರಲಿಲ್ಲ.